ಮೂರು ಊರಿನ ಕೌದಿ

ಕೌದಿಯನ್ನು ಒಬ್ಬಾಕೆಯೇ ಕೂತು ಹೊಲಿಯಬಹುದು. ನಮ್ಮ ಕಡೆ ಹಾಗೆ ಹೊಲಿದವರು ಬೇಕಾದಷ್ಟು ಮಂದಿ. ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯ ದಿನಗಳಲ್ಲಿ, ಮಧ್ಯಾಹ್ನದ ಊಟ ಮುಗಿಸಿ, ಪಡಸಾಲೆಯಲ್ಲಿ ಹಳೆ ಸೀರೆ ಹಾಸಿ, ಮೂಲೆಗೊಂದು ಕಲ್ಲು ಇಟ್ಟು, ದೀಪ ಹಚ್ಚುವ ಹೊತ್ತಿನವರೆಗೂ ಹೊಲಿಯುತ್ತಿದ್ದರು. ಮಿರಗದ ಮಳೆ ಹಿಡಿಯುವುದರೊಳಗೆ ಮುಗಿಸಬೇಕೆಂಬ ಅವಸರ ಬೇರೆ. ಅವರಲ್ಲಿ ಯಾರೂ ಇದೊಂದು ಖುಷಿಯ ಕೆಲಸ ಎಂದದ್ದನ್ನು ನಾನು ಕೇಳಿಲ್ಲ. ನಮ್ಮವ್ವನಂತೂ ಸೊಂಟ ಹಿಡಿದುಕೊಂಡು ಏಳುತ್ತ ಕೌದಿಗೂ ನಮಗೂ ಕೂಡಿಸಿಯೇ ಬೈಯುತ್ತಿದ್ದಳು. ಖುಷಿ ಶುರುವಾಗುವುದು ಎರಡನೆಯವಳು ಬಂದು ಎದುರಿನ ಅಂಚು ಹಿಡಿದು ಕೂತಾಗ. ಮೂರನೆಯವಳು ಬಂದರೆ ಚಹಾಕ್ಕೊಂದು ನೆಪ ಸಿಗುತ್ತದೆ. ನಾಲ್ಕನೆಯವಳು ಬಂದಳೆಂದರೆ ಮನೆಯ ಗಂಡಸರು ತಾವಾಗಿಯೇ ಎದ್ದು ಹೊರಗೆ ಹೋಗುತ್ತಾರೆ.

ನಾವು ಸರಿಯಾಗಿ ನಾಲ್ವರು. ನಾನು ಮತ್ತು ನಮ್ಮ ಓಣಿಯ ಆಪಾ ಹಾವೇರಿಯವರು. ಬ್ಯಾಡಗಿ ಅಕ್ಕ ನನ್ನ ಜೊತೆ ಒಂದೇ ಸಾಲಿಯಲ್ಲಿ ವರ್ಷಾನುಗಟ್ಟಲೆ ಕಲಿಸಿದಾಕೆ. ಅವಳ ಅಣ್ಣನ ಹೆಂಡತಿ ಇರುವುದು ರಾಣೆಬೆನ್ನೂರಿನಲ್ಲಿ; ಅಕ್ಕನಿಗೆ ಆಕೆ ವೈನಿ, ಆದ್ದರಿಂದ ನಮಗೂ ವೈನಿ, ಆಪಾನಿಗೂ ವೈನಿ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಮೊದಲೆಲ್ಲ ನಾವು ಸೇರುತ್ತಿದ್ದದ್ದು ಮದುವೆ, ಸೀಮಂತ, ತಿಥಿ ಊಟಗಳಲ್ಲಿ. ಅಲ್ಲಿ ಮಾತಾಡುವುದಕ್ಕೆ ಎಲ್ಲಿ ಪುರಸೊತ್ತು? ಊಟ ಆಯಿತೇ ಎಂದು ಕೇಳುವುದರೊಳಗೆ ಕರೆದುಕೊಂಡು ಹೋಗುವವರು ಬಂದು ನಿಂತಿರುತ್ತಿದ್ದರು.

ಇದು ಬದಲಾದದ್ದು ಬಸ್ಸಿನಿಂದ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿ, ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೇಟು ಬಂತು. ಹಾವೇರಿಯಿಂದ ಬ್ಯಾಡಗಿಗಾಗಲಿ ರಾಣೆಬೆನ್ನೂರಿಗಾಗಲಿ ಮೊದಲೂ ದೊಡ್ಡ ಖರ್ಚೇನೂ ಇರಲಿಲ್ಲ. ಖರ್ಚಿಗಿಂತ ಕಷ್ಟವಾಗಿದ್ದದ್ದು ಅದರ ಲೆಕ್ಕ ಒಪ್ಪಿಸುವುದು. ‘ಎದಕ್ಕ ಹೊಂಟಿ?’ ಎಂದು ಯಾರಾದರೂ ಕೇಳಿದರೆ ‘ಕೌದಿ ಹೊಲಿಯಾಕ’ ಎಂಬುದು ಬಸ್ ಚಾರ್ಜಿನ ಯೋಗ್ಯತೆಯ ಉತ್ತರವಾಗಿರಲಿಲ್ಲ. ಮನೆಯಲ್ಲೇ ಹೊಲಿಯಬಹುದಲ್ಲ, ಅಂಗಡಿಯಲ್ಲಿ ರಗ್ಗು ಸಿಗುತ್ತದಲ್ಲ! ಈಗ ರೊಕ್ಕ ಕೇಳುವ ಪ್ರಮೇಯವಿಲ್ಲ, ಹೀಗಾಗಿ ಉತ್ತರ ಹೇಳುವ ಪ್ರಮೇಯವೂ ಅರ್ಧ ಕಡಿಮೆಯಾಗಿದೆ. ಹೆಂಗಸರು ಸುಮ್ಮ ಸುಮ್ಮನೆ ತಿರುಗುತ್ತಾರೆ ಎಂದು ಆಡಿಕೊಳ್ಳುವವರು ಇದ್ದಾರೆ. ಹೌದು, ತಿರುಗುತ್ತೇವೆ. ಎಷ್ಟು ತಲೆಮಾರಿನ ಬಾಕಿ ಅದು!

ಹಾವೇರಿಯಲ್ಲಿ ನಮ್ಮ ಕೆಲಸ ಅರಬಿ ಕೂಡಿಸುವುದು. ಕೌದಿಗೆ ಬೇಕಾದದ್ದು ನೂಲಿನ ಅರಬಿ; ಮೆತ್ತಗಾಗಿ, ಬಣ್ಣ ಬಿಟ್ಟು ಮುಗಿದು, ಹತ್ತಾರು ವರ್ಷ ಒಗೆಸಿಕೊಂಡು ಸುಮ್ಮನಾದ ಅರಬಿ. ಮೇಲೊಂದು ಕೆಳಗೊಂದು ಗಟ್ಟಿ ಸೀರೆ, ನಡುವೆ ಹರಿದ ಧೋತರ, ಪರಕಾರ, ಅಂಗಿ, ಟಾವೆಲ್ಲು, ಕೂಸಿನ ಬಟ್ಟೆ, ಏನು ಸಿಕ್ಕಿದರೆ ಅದು. ಆದರೆ ನೂಲು ಸಿಗಬೇಕಲ್ಲ? ಆಪಾ ಓಣಿಯ ಮನೆ ಮನೆಗೆ ಹೋಗಿ ಗಂಟು ತರುತ್ತಾಳೆ. ಬಿಚ್ಚಿದರೆ ಮುಕ್ಕಾಲು ಪಾಲು ಪಾಲಿಯೆಸ್ಟರು. ಅದನ್ನು ಒಳಗೆ ಹಾಕಿದರೆ ಒಂದು ಕಡೆ ನಿಲ್ಲುವುದಿಲ್ಲ, ಪದರ ಜಾರಿ ಕೌದಿಯ ಹೊಟ್ಟೆಯಲ್ಲಿ ಉಂಡೆಗಟ್ಟುತ್ತದೆ. ಬೆವರು ಹೀರುವುದಿಲ್ಲ, ಚಳಿಗೆ ಬೆಚ್ಚಗಾಗುವುದಿಲ್ಲ. ಆಪಾ ಅರಬಿಯ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು ನೋಡುತ್ತಾಳೆ. ಬೂದಿಯಾದರೆ ಒಳಗೆ, ಕರಗಿ ಮುದ್ದೆಯಾದರೆ ಒರೆಸುವ ಬಟ್ಟೆಗೆ. ‘ಇದು ಸುಳ್ಳ ಸೀರಿ’ ಎಂದು ಬದಿಗೆ ಎಸೆಯುವಾಗ ಅವಳ ಮುಖದಲ್ಲಿ ನಿಜವಾದ ಸಿಟ್ಟು ಇರುತ್ತದೆ.

ಹತ್ತಿಯ ಸೀಮೆಯಲ್ಲಿ ಕೂತು ನೂಲಿನ ಚಿಂದಿಗೆ ಮನೆ ಮನೆ ತಿರುಗುವುದು ವಿಚಿತ್ರವೇ. ಧಾರವಾಡ ಜಿಲ್ಲೆಯಿಂದ ಬೇರೆಯಾಗಿ 1997ರಲ್ಲಿ ಹಾವೇರಿ ಜಿಲ್ಲೆಯಾಗುವ ಎಷ್ಟೋ ಮೊದಲಿನಿಂದಲೂ ಈ ಎರೆಹೊಲಗಳಲ್ಲಿ ಜಯಧರ ಹತ್ತಿ ಬೆಳೆಯುತ್ತಿದ್ದರು. 1972ರಲ್ಲಿ ಧಾರವಾಡದ ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಹೈಬ್ರಿಡ್ ತಂದರು, ಆಮೇಲೆ ಅದೇ ಧಾರವಾಡದಿಂದ ಡಿಸಿಎಚ್ 32 ಬಂತು, ಹೊಸ ಶತಮಾನದಲ್ಲಿ ಬಿಟಿ ಬಂತು. ಈಗ ಬಸ್ಸಿನ ಕಿಟಕಿಯಿಂದ ನೋಡಿದರೆ ಕಣ್ಣು ಹಾಯುವಷ್ಟು ದೂರವೂ ಗೋವಿನಜೋಳ. ಗೋವಿನಜೋಳದಿಂದ ಸೀರೆಯಾಗುವುದಿಲ್ಲ, ಸೀರೆಯಾಗದಿದ್ದ ಮೇಲೆ ಕೌದಿ ಎಲ್ಲಿಂದ?

ಹಾವೇರಿ ಅಂದರೆ ಹೊರಗಿನವರಿಗೆ ಏಲಕ್ಕಿ ಹಾರ. 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆದಾಗ ಊರಿಗೆ ಊರೇ ಆ ಹಾರದ ಮಾತಾಡಿತು. ನನಗೆ ಆ ಹಾರಕ್ಕಿಂತ ಅದರ ಹಿಂದಿನ ಸೂಜಿ ಇಷ್ಟ. ಒಂದೊಂದೇ ಏಲಕ್ಕಿಯನ್ನು ಆರಿಸಿ, ದಾರಕ್ಕೆ ಕಟ್ಟಿ, ಸಾಲು ಕೂಡಿಸುವ ಪಟವೇಗಾರರ ಕೈ ಎಷ್ಟು ತಾಳ್ಮೆಯದೆಂಬುದು ಅಂಥ ಕೆಲಸ ಮಾಡಿದವರಿಗೆ ಮಾತ್ರ ಗೊತ್ತಾಗುತ್ತದೆ. ವ್ಯತ್ಯಾಸವೇನೆಂದರೆ, ಏಲಕ್ಕಿ ಹಾರ ದೊಡ್ಡವರ ಕೊರಳಿಗೆ ಹೋಗುತ್ತದೆ. ಕೌದಿ ಸಿದ್ಧೇಶ್ವರನ ಗುಡಿಯ ಹಿಂದಿನ ಓಣಿಯಲ್ಲಿ ಬಿಸಿಲಿಗೆ ಬಿದ್ದಿರುತ್ತದೆ.

ಕಸುಬಿನವರೂ ಇದ್ದಾರೆ. ಗೋಂಧಳಿ ಮತ್ತಿತರ ಅಲೆಮಾರಿ ಸಮುದಾಯಗಳ ಹೆಂಗಸರು ಊರೂರಿಗೆ ಬಂದು, ಅರಬಿ ಕೊಟ್ಟರೆ ಕೂಲಿಗೆ ಹೊಲಿದು ಕೊಡುತ್ತಾರೆ. ಅಂಥವಳೊಬ್ಬಳು ಒಂದು ಮಧ್ಯಾಹ್ನ ಆಪಾನ ಕಟ್ಟೆಗೆ ಬಂದು ಕೂತು, ನಮ್ಮ ಕೈಕೆಲಸ ನೋಡಿ, ಕೇಳದೇ ಪಾಠ ಹೇಳಿದಳು: ದಾರ ಮೊಳಕ್ಕಿಂತ ಉದ್ದ ಇರಬಾರದು, ಉದ್ದ ಮಾಡುವವಳು ಸೋಮಾರಿ, ಸೂಜಿಯನ್ನು ಎಳೆಯಬಾರದು, ಅರಬಿಯನ್ನು ಸೂಜಿಯ ಮೇಲೆ ಏರಿಸಬೇಕು. ಹೇಳಿ, ಎಡಗೈಯ ನಾಲ್ಕು ಬೆರಳು ಕೌದಿಯ ಅಡಿಗೆ ಇಟ್ಟು, ಮೇಲಿನಿಂದ ಹೆಬ್ಬೆರಳಲ್ಲಿ ಒತ್ತಿ, ಪದರವನ್ನು ಕುಣಿಸುತ್ತ ಐದಾರು ಹೊಲಿಗೆಯನ್ನು ಒಂದೇ ಸಲಕ್ಕೆ ಸೂಜಿಗೆ ಪೋಣಿಸಿ ಎಳೆದುಬಿಟ್ಟಳು. ನಾವು ಬಾಯಿ ತೆರೆದು ನೋಡಿದೆವು. ಖುಷಿಗೆ ಹೊಲಿಯುತ್ತೇವೆ ಎಂದಾಗ ಅವಳಿಗೆ ಮಾತ್ರ ಅರ್ಥವಾಗಲಿಲ್ಲ. ‘ಕೂಲಿ ಇಲ್ದ ಯಾರು ಹೊಲಿತಾರ ಬೇ?’ ಅಂದಳು.

ಹಾವೇರಿಯಿಂದ ಬ್ಯಾಡಗಿಗೆ ಮೋಟೆಬೆನ್ನೂರು ದಾಟಿ ಹೋಗಬೇಕು. ಮೋಟೆಬೆನ್ನೂರು ಮೈಲಾರ ಮಹದೇವಪ್ಪನ ಊರು. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ, ಕೊರಡೂರಿನಲ್ಲಿ ಆಶ್ರಮ ಕಟ್ಟಿ ನೂಲು ತೆಗೆದ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮನುಷ್ಯ. ಹಾವೇರಿಯ ರೈಲು ನಿಲ್ದಾಣಕ್ಕೂ ಈಗ ಅವನದೇ ಹೆಸರು. ನಮ್ಮ ಮಾವನವರು ಆ ಕಾಲದ ಗಾಳಿ ಸೋಕಿದವರು, ಕೊನೆಯವರೆಗೂ ಖಾದಿ ಬಿಡಲಿಲ್ಲ. ಅವರ ಎರಡು ಧೋತರ ಟ್ರಂಕಿನ ತಳದಲ್ಲಿದ್ದವು. ಅವನ್ನು ಗಂಟಿನಲ್ಲಿ ಕಟ್ಟಿಕೊಂಡು ಆ ಊರನ್ನು ದಾಟುವಾಗ ನನಗೆ ಏನೋ ಅಳುಕು. ಆಪಾನಿಗೆ ಹೇಳಿದೆ. ಅವಳು ಧೋತರದ ಚುಂಗು ಹಿಡಿದು ಉಜ್ಜಿ ನೋಡಿ, ‘ಇದಕ್ಕಿಂತ ಛಲೋ ಹೊಟ್ಟಿ ಕೌದಿಗೆ ಎಲ್ಲಿ ಸಿಗಬೇಕು’ ಅಂದಳು. ಆಕೆಯ ದೃಷ್ಟಿಯಲ್ಲಿ ಅದು ಸ್ವಾತಂತ್ರ್ಯ ಚಳವಳಿಗೆ ಸಲ್ಲಬೇಕಾದ ಗೌರವವೇ.

ಬ್ಯಾಡಗಿ ಬಂತು ಎಂದು ಕಂಡಕ್ಟರ್ ಹೇಳಬೇಕಾಗಿಲ್ಲ. ಮೂಗು ಹೇಳುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಸೋಮವಾರ, ಗುರುವಾರ ಪ್ಯಾಟಿಯ ದಿನ ಬಂದರೆ ಊರೇ ಕೆಮ್ಮುತ್ತಿರುತ್ತದೆ. ಲಕ್ಷಗಟ್ಟಲೆ ಚೀಲ ಮೆಣಸಿನಕಾಯಿ, ಲಾರಿಗಳ ಸಾಲು. ಡಬ್ಬಿ, ಕಡ್ಡಿ ಎಂಬ ಜಾತಿಗಳು. ಖಾರ ಕಡಿಮೆ, ಬಣ್ಣ ಜಾಸ್ತಿ, ಸುಕ್ಕು ಸುಕ್ಕು ಮೈ. 2011ರಲ್ಲಿ ಜಿಐ ಗುರುತು ಸಿಕ್ಕ ಕಾಯಿ ಇದು. ಇದರ ಬಣ್ಣ ಹಿಂಡಿ ತೆಗೆದು ಪರದೇಶಕ್ಕೆ ಕಳಿಸುತ್ತಾರೆ. ಶೆಡ್ಡುಗಳಲ್ಲಿ ಸಾಲಾಗಿ ಕೂತು ತುಂಬು ಬಿಡಿಸುವವರೆಲ್ಲ ಹೆಂಗಸರೇ. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಕಣ್ಣು ಕೆಂಪು ಮಾಡಿಕೊಂಡು ಸಂಜೆಯವರೆಗೆ ಕೂರುತ್ತಾರೆ. ಅವರು ಉಟ್ಟು ಬಿಟ್ಟ ಸೀರೆಯೊಂದು ಒಮ್ಮೆ ನಮ್ಮ ಗಂಟಿಗೆ ಬಂತು. ಅಕ್ಕ ಅದನ್ನು ಎಷ್ಟು ನೀರಲ್ಲಿ ಜಾಲಾಡಿದರೂ ಹೊಲಿಯುವಾಗ ನಾಲ್ವರೂ ಸರತಿಯಂತೆ ಸೀನಿದೆವು. ಕೊನೆಗೆ ಅದನ್ನು ಕೌದಿಯ ಕಾಲಕಡೆಗೆ ಹಾಕಿದೆವು.

ಬ್ಯಾಡಗಿ ಅಕ್ಕನ ಪಡಸಾಲೆಯೇ ಮೊದಲಿನಿಂದ ನಮ್ಮ ಕೌದಿಯ ಜಾಗ. ಹಳೆ ಕಾಲದ ಮನೆ, ಕಂಬದ ಸಾಲು, ಹಾಸುಗಲ್ಲು. ಎರಡು ಕೌದಿಯನ್ನು ಒಟ್ಟಿಗೆ ಹರಡಿದರೂ ಓಡಾಡಲು ದಾರಿ ಉಳಿಯುತ್ತಿತ್ತು. ಅಕ್ಕನ ದೊಡ್ಡ ಮಗ ಪ್ಯಾಟಿಯಲ್ಲಿ ಅಡತಿ ಅಂಗಡಿಯ ಗುಮಾಸ್ತ, ಸಣ್ಣವನು ಸ್ವಂತ ವ್ಯಾಪಾರಕ್ಕೆ ಇಳಿದವನು. 2024ರಲ್ಲಿ ದರ ಬಿತ್ತು. ಮಾರ್ಚ್ 11ರಂದು ಸಿಟ್ಟಿಗೆದ್ದ ಜನರ ನಡುವೆ ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ. ಅಕ್ಕನ ಮನೆಯ ಬೆಂಕಿಯನ್ನು ಮಾತ್ರ ಯಾರೂ ತೋರಿಸಲಿಲ್ಲ. ಸಾಲದ ಮಾತು ಬಂತು, ಯಾರ ಹೆಸರಲ್ಲಿ ಯಾರು ತಂದದ್ದು ಎಂಬ ಮಾತು ಬಂತು, ಒಲೆ ಎರಡಾಯಿತು. ಮುಂದಿನ ಸಲ ನಾವು ಹೋದಾಗ ಪಡಸಾಲೆಯ ನಟ್ಟನಡುವೆ ಸಿಮೆಂಟ್ ಬ್ಲಾಕಿನ ಗೋಡೆ ಎದ್ದಿತ್ತು. ಗಿಲಾಯಿ ಇನ್ನೂ ಆಗಿರಲಿಲ್ಲ. ಕಂಬ ಒಂದು ಈ ಕಡೆ, ಒಂದು ಆ ಕಡೆ.

ಅರ್ಧ ಹೊಲಿದಿದ್ದ ಕೌದಿಯನ್ನು ಅಕ್ಕ ತಂದು ಹರಡಿದಳು. ಉದ್ದಕ್ಕೆ ಹಿಡಿಯಿತು, ಅಗಲಕ್ಕೆ ಹಿಡಿಯಲಿಲ್ಲ. ಒಂದು ಬದಿಯನ್ನು ಗೋಡೆಯ ಬುಡಕ್ಕೆ ಸುರುಳಿ ಸುತ್ತಿ ಇಡಬೇಕಾಯಿತು. ಏನು ಹೇಳಬೇಕೋ ನಮಗೆ ತಿಳಿಯಲಿಲ್ಲ. ಅಕ್ಕ ಸೂಜಿಗೆ ದಾರ ಪೋಣಿಸುತ್ತ, ‘ಈ ಸಲ ಮೂರ ಕಡೇಲಿಂದನ ಹೊಲಿಯೂಣು’ ಅಂದಳು. ಅವತ್ತು ನಾವು ಮೂವರು ಹೊಲಿದೆವು. ವೈನಿ ಕಂಬಕ್ಕೆ ಒರಗಿ ದಾರ ಪೋಣಿಸಿಕೊಟ್ಟಳು. ಗೋಡೆಯ ಆ ಕಡೆಯಿಂದ ಕುಕ್ಕರಿನ ಸೀಟಿ, ಕೂಸಿನ ಅಳು ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಕೂಸು ಅತ್ತಾಗೆಲ್ಲ ಅಕ್ಕನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನಾವು ಹೊಲಿಯುವುದು ಅಂಚಿನಿಂದ ಒಳಕ್ಕೆ. ಬ್ಯಾಡಗಿ ಅಕ್ಕ ಉದ್ದುದ್ದ ಗೆರೆ ಹಾಕುವವಳು, ವೈನಿ ಚೌಕದೊಳಗೆ ಚೌಕ ತಿರುಗಿಸುವವಳು. ಬಹಳ ಜಗಳವಾಗಿ ವೈನಿ ಗೆದ್ದಳು. ಹೀಗೆ ಸುತ್ತು ಹೊಲಿಯುವಾಗ ಮೊದಲ ದಿನ ನಾಲ್ವರೂ ನಾಲ್ಕು ದಿಕ್ಕಿನಲ್ಲಿ ದೂರ ದೂರ ಕೂತಿರುತ್ತೇವೆ. ಮಾತೆಲ್ಲ ಗಟ್ಟಿ ದನಿಯದು: ಬಂಗಾರದ ರೇಟು, ಯಾರ ಮಗಳು ಯಾರ ಜೊತೆ, ಸೀರಿಯಲ್ಲಿನ ಅತ್ತೆ. ಹೊಲಿಗೆ ಒಳಗೆ ಸರಿದಂತೆ ನಾವೂ ಹೊಲಿದ ಭಾಗದ ಮೇಲೇ ಸರಿದು ಕೂರಬೇಕು. ಒಂದೊಂದು ಸುತ್ತಿಗೆ ಒಂದೊಂದು ಗೇಣು ಹತ್ತಿರ. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಬಂದಾಗ ದನಿ ತಾನೇ ಇಳಿಯುತ್ತದೆ. ಕೌದಿಯ ನಡುವಿನ ಒಂದು ಮೊಳ ಜಾಗಕ್ಕೆ ಬರುವ ಹೊತ್ತಿಗೆ ನಾಲ್ಕು ತಲೆ ಒಂದೇ ಕಡೆ, ಎಂಟು ಕಣ್ಣೂ ಸೂಜಿಯ ಮೇಲೆ. ಯಾರೂ ಯಾರ ಮುಖವನ್ನೂ ನೋಡುತ್ತಿರುವುದಿಲ್ಲ. ಎದುರು ಕೂತು ಕಣ್ಣಿಗೆ ಕಣ್ಣು ಕೊಟ್ಟು ಹೇಳಲಾಗದ್ದನ್ನು ಆಗ ಹೇಳಬಹುದು. ಕೇಳಿದವಳೂ ಏನಾದರೂ ಸಮಾಧಾನ ಹೇಳಲೇಬೇಕೆಂದಿಲ್ಲ. ‘ಹ್ಞೂಂ’ ಅಂದು ಇನ್ನೊಂದು ಹೊಲಿಗೆ ಹಾಕಿದರೆ ಸಾಕು. ಮನಸ್ಸಿನ ಡಾಕ್ಟರುಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಎದುರು ಕುರ್ಚಿಯಲ್ಲಿ ಕೂರಿಸಿ ಮುಖ ನೋಡುತ್ತಾರೆ, ಅದೇ ನನಗೆ ಕಷ್ಟ.

ಬ್ಯಾಡಗಿಯಲ್ಲಿ ಜಾಗ ಹೋದ ಮೇಲೆ ಕೌದಿ ರಾಣೆಬೆನ್ನೂರಿಗೆ ಹೊರಟಿತು. ಹೆದ್ದಾರಿ ಹಿಡಿದರೆ ಹನುಮನಮಟ್ಟಿಯ ಕೃಷಿ ಕಾಲೇಜು, ಅದು ದಾಟಿದರೆ ಊರು. ಗಂಟು ನೋಡಿ ಕಂಡಕ್ಟರ್ ‘ಇದಕ್ಕೂ ಆಧಾರ್ ಕಾರ್ಡ್ ಐತೇನ್ರೀ ಅಕ್ಕಾರ?’ ಅಂದ. ಆಪಾ ‘ಇದರಾಗ ನಾಕ್ ಮನಿ ಮಂದಿ ಆಧಾರ್ ಐತಿ, ಯಾರದ ಬೇಕು ನಿನಗ?’ ಅಂದಳು. ಬಸ್ಸು ನಕ್ಕಿತು.

ವೈನಿಯ ಮನೆಯಲ್ಲಿ ಮಾಳಿಗೆ ದೊಡ್ಡದು, ಬಿಸಿಲು ಇಳಿದ ಮೇಲೆ ತುಂಗಭದ್ರೆಯ ಕಡೆಯಿಂದ ಗಾಳಿ ಬರುತ್ತದೆ. ರಾಣೆಬೆನ್ನೂರು ಬೀಜದ ಊರು. ವೈನಿ ಹುಡುಗಿಯಾಗಿದ್ದಾಗ ಹತ್ತಿ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳಂತೆ. ಸಂಜೆ ನಾಳೆ ಅರಳುವ ಮೊಗ್ಗನ್ನು ಉಗುರಿನಿಂದ ಬಿಡಿಸಿ ಗಂಡು ಭಾಗ ತೆಗೆಯುವುದು, ಮರುದಿನ ಮುಂಜಾನೆ ಬೇರೆ ಜಾತಿಯ ಹೂವಿನ ಪುಡಿ ಮುಟ್ಟಿಸುವುದು. ಆ ಉಗುರಿನ ಹದ ಇನ್ನೂ ಹೋಗಿಲ್ಲ. ಜರಿ ಅಂಚಿನಲ್ಲಿ ಸೂಜಿ ಸಿಕ್ಕಿಕೊಂಡರೆ ನಾವೆಲ್ಲ ಎಳೆದು ಮುರಿಯುತ್ತೇವೆ. ಆಕೆ ಉಗುರಿನಿಂದ ಎಳೆ ಸರಿಸಿ ದಾರಿ ಮಾಡಿಕೊಡುತ್ತಾಳೆ.

ಆದರೆ ಆ ಮನೆಯ ನಿಜವಾದ ಯಜಮಾನಿ ವೈನಿಯಲ್ಲ, ಆಕೆಯ ಅತ್ತೆ, ನಮ್ಮ ಅಕ್ಕನ ಅವ್ವ. ತೊಂಬತ್ತಕ್ಕೆ ಹತ್ತಿರ, ತವರು ಮೆಡ್ಲೇರಿ. ಮೆಡ್ಲೇರಿ ಕಂಬಳಿಯ ಊರು. ಕುರಿ ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡಿ ಮಗ್ಗಕ್ಕೆ ಏರಿಸುವುದನ್ನು ನೋಡುತ್ತ ಬೆಳೆದಾಕೆ. ಕಂಬಳಿಯ ಮುಂದೆ ಕೌದಿಯೆಂದರೆ ಆಕೆಗೆ ಸ್ವಲ್ಪ ಸಸಾರ. ಆದರೂ ಮಾಳಿಗೆ ಹತ್ತಿ ಬಂದು, ಕಣ್ಣು ಕಾಣದಿದ್ದರೂ ಹೆಬ್ಬೆರಳಿನಿಂದ ಹೊಲಿಗೆಯ ಸಾಲು ಸವರುತ್ತ ತಪಾಸಣೆ ಮಾಡುತ್ತಾಳೆ. ನನ್ನ ಸಾಲಿಗೆ ಬಂದು ನಿಂತಳು. ‘ಇದು ಯಾರದಬೇ? ಕುಂಟ ಕೋಳಿ ಕೆಸರಾಗ ನಡದಂಗ ಐತಿ.’

ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದವಳು ನಾನು. ತುಟಿ ಎರಡು ಮಾಡಲಿಲ್ಲ.

ಅದೇ ಮಾಳಿಗೆಯಲ್ಲಿ ನನ್ನ ಸರದಿಯೂ ಬಂತು. ನನ್ನ ಮಗ ಬೆಂಗಳೂರಿನಲ್ಲಿ. ಮದುವೆಯಾಗಿ ಕೆಲವು ವರ್ಷಕ್ಕೆ ಇಬ್ಬರೂ ಬೇರೆಯಾದರು. ಕೋರ್ಟಿನ ಕಾಗದ ಮುಗಿದು, ಹುಡುಗಿ ತನ್ನ ಊರಿಗೆ ಹೋದಳು. ಯಾರ ತಪ್ಪು ಎಂದು ಕೇಳಿದವರಿಗೆಲ್ಲ ನಾನು ಒಂದೊಂದು ಉತ್ತರ ಕೊಟ್ಟಿದ್ದೇನೆ. ಯಾವುದೂ ಪೂರ್ತಿ ನಿಜವಲ್ಲ. ಆಕೆ ನಮ್ಮ ಮನೆಯಲ್ಲಿ ಬಿಟ್ಟುಹೋದ ಬಟ್ಟೆಯಲ್ಲಿ ಒಂದು ಇಳಕಲ್ಲ ಸೀರೆಯಿತ್ತು. ಕಪ್ಪು ಮೈ, ಕೆಂಪು ಸೆರಗು, ಅಪ್ಪಟ ನೂಲು. ಉಗಾದಿಗೆ ನಾನೇ ಕೊಡಿಸಿದ್ದು, ಒಂದು ಕಡೆ ಮೊಳೆಗೆ ಸಿಕ್ಕು ಹರಿದಿತ್ತು. ಅದು ಹೇಗೋ ಗಂಟಿನ ಜೊತೆ ರಾಣೆಬೆನ್ನೂರಿಗೆ ಬಂದುಬಿಟ್ಟಿತ್ತು. ಹೇಗೋ ಏನು, ನಾನೇ ತುರುಕಿದ್ದೆ. ಗಂಟು ಬಿಚ್ಚಿದ ಆಪಾ ಅದನ್ನು ನೋಡಿ ಗುರುತು ಹಿಡಿದಳು, ಏನೂ ಹೇಳದೆ ಮಡಿಚಿ ಬದಿಗಿಟ್ಟಳು.

ಕೌದಿಯ ನಡುವಿಗೆ ಒಂದು ದೊಡ್ಡ ತುಂಡು ಬೇಕಾಗಿತ್ತು. ಕೈಗೆ ಸಿಕ್ಕಿದ್ದೆಲ್ಲ ಚಿಕ್ಕದು, ಇಲ್ಲವೇ ಸುಳ್ಳ ಸೀರೆ. ನಾಲ್ವರೂ ತಲೆ ತಗ್ಗಿಸಿ ಹೊಲಿಯುತ್ತಿದ್ದಾಗ ಬ್ಯಾಡಗಿ ಅಕ್ಕನೇ ಮಾತು ತೆಗೆದಳು.

‘ಆ ಕರೇ ಸೀರಿ ಹಾಕಿದ್ರ ಹೆಂಗ?’

‘ಬ್ಯಾಡ ಬಿಡು’ ಅಂದೆ.

‘ಯಾಕ ಬ್ಯಾಡ? ಅರಬಿ ಏನ್ ಕೋರ್ಟಿಗೆ ಹೋಗಿತ್ತೇನ?’

ವೈನಿ ಮೆಲ್ಲಗೆ, ‘ಆಕೀಗೊಂದ ಮಾತ ಕೇಳ್ರಿ, ಆಕೀದು ಅದು’ ಅಂದಳು. ಈ ಯೋಚನೆ ನನಗೆ ಬಂದೇ ಇರಲಿಲ್ಲ. ಕೊಡಿಸಿದವಳು ನಾನಾದ್ದರಿಂದ ಅದು ನನ್ನದೇ ಎಂಬ ಭಾವನೆಯಲ್ಲಿದ್ದೆ. ಬಹಳ ದಿನಗಳಿಂದ ಮುಟ್ಟದೇ ಇದ್ದ ನಂಬರಿಗೆ ಸೀರೆಯ ಫೋಟೊ ಕಳಿಸಿ, ಕೌದಿಗೆ ಹಾಕಲೇನವ್ವ ಎಂದು ಬರೆದೆ. ಸಂಜೆ ಚಹಾ ಕುಡಿಯುವಾಗ ಉತ್ತರ ಬಂತು: ‘ಹಾಕ್ರಿ ಅತ್ತೀ. ಹರಿದ ಕಡೆ ಒಳಗ ಮಡಚ್ರಿ.’ ಅತ್ತೀ ಎಂಬ ಮಾತನ್ನು ಅವಳು ಬಿಟ್ಟಿರಲಿಲ್ಲ. ನಾನು ಫೋನನ್ನು ಆಪಾನ ಕೈಗೆ ಕೊಟ್ಟು ಸೂಜಿ ಹುಡುಕಿದೆ. ಹರಿದ ಕಡೆಯನ್ನು ಒಳಗೆ ಮಡಚಿ ಅಕ್ಕನೇ ಹೊಲಿದಳು. ಕೌದಿಯ ನಟ್ಟನಡುವೆ ಈಗ ಕಪ್ಪು ಚೌಕ, ಅದರ ಸು‌ತ್ತ ನಮ್ಮ ನಾಲ್ವರ ನಾಲ್ಕು ನಮೂನೆಯ ಹೊಲಿಗೆ.

ಮೂಲೆಗಳ ವಿಷಯಕ್ಕೆ ಮತ್ತೊಂದು ಚರ್ಚೆಯಾಯಿತು. ನಮ್ಮ ಜಿಲ್ಲೆಯ ಪಡುವಣ ಗಡಿ ದಾಟಿದರೆ ಮುಂಡಗೋಡ. ಅಲ್ಲಿ, ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ. ಅವರ ಕೌದಿಯೂ ಅಂಚಿನಿಂದ ಒಳಕ್ಕೇ ತಿರುಗುತ್ತದೆ, ಆದರೆ ಬಣ್ಣಗಳ ಧೈರ್ಯ ನಮ್ಮದಲ್ಲ. ಮುಗಿಸುವಾಗ ನಾಲ್ಕು ಮೂಲೆಗೂ ಅರಬಿಯನ್ನು ಮಡಚಿ ಮಡಚಿ ಮುಕ್ಕೋಣದ ಹೂವು ಇಡುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ಹೂವಿಲ್ಲದ ಕೌದಿ ಅವರಿಗೆ ಬತ್ತಲೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಈ ಕೌದಿಗಳನ್ನು ಅಭ್ಯಾಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವೇ ನಡೆಯಿತು. ಅದೇ ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹೊಲದಲ್ಲಿ ದುಡಿದು ಸವೆದ ಪ್ಯಾಂಟುಗಳಿಂದ ಹೊಲಿದ ಕೌದಿಗಳು 2002ರಲ್ಲಿ ವಿಟ್ನಿ ಮ್ಯೂಸಿಯಮ್ಮಿನ ಗೋಡೆಗೇರಿದವು. ಇದನ್ನೆಲ್ಲ ನಾನು ಫೋನಿನಲ್ಲಿ ತೋರಿಸಿದೆ. ಆಪಾ ಒಂದು ಪ್ಯಾಂಟಿನ ಕೌದಿಯನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿ, ‘ಮೊಳಕಾಲಿನ ಕಡೆ ಬಣ್ಣ ಗಾಢ ಐತಿ ನೋಡು, ತೇಪಿ ಹಾಕಿದ್ದು ಬಿಚ್ಯಾರ’ ಅಂದಳು. ಮ್ಯೂಸಿಯಮ್ಮಿನವರಿಗೂ ಇಷ್ಟು ಚೆನ್ನಾಗಿ ಕಂಡಿತ್ತೋ ಇಲ್ಲವೋ.

ಗೋಡೆಗೆ ತೂಗುಹಾಕಿದ್ದು ಮಾತ್ರ ವೈನಿಯ ಅತ್ತೆಗೆ ಒಪ್ಪಿಗೆಯಾಗಲಿಲ್ಲ. ‘ಗ್ವಾಡಿಗೆ ಥಂಡಿ ಆಗತೈತೇನು?’ ನನಗೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಹೊಸ ಬಟ್ಟೆಯನ್ನು ಕತ್ತರಿಸಿ, ಹಳೆಯದರಂತೆ ಕಾಣಲು ಬಣ್ಣ ಇಳಿಸಿ ಹೊಲಿದ ಕೌದಿಗೆ ಹಾಕಿದ್ದ ಬೆಲೆಯಲ್ಲಿ ನಮ್ಮ ಕಡೆ ಒಂದು ಎಮ್ಮೆಕರು ಬರುತ್ತದೆ. ಹೊಲಿದವಳ ಕೈಗೆ ಅದರಲ್ಲಿ ಒಳ್ಳೆಯ ಪಾಲು ಹೋಗುವುದಾದರೆ ನನ್ನ ತಕರಾರಿಲ್ಲ. ಜೀಸ್ ಬೆಂಡಿನ ಸುತ್ತಲಿನ ಹೆಂಗಸರೂ 1966ರಲ್ಲೇ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಸಂಘ ಕಟ್ಟಿದ್ದು ಕೂಲಿಗಾಗಿಯೇ. ನಮ್ಮದೇ ಜಿಲ್ಲೆಯ ಶಿಗ್ಗಾಂವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು, ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಹೆಂಗಸರು ತಲಾ ಒಂದು ಹೊಲಿಗೆ ಹಾಕಿ ಕೊಟ್ಟ ಹೊದಿಕೆಯ ಬಗ್ಗೆ ಬರೆದಿದ್ದಾರೆ. ಅದಕ್ಕೆ ಯಾವ ಅಂಗಡಿಯವನು ಬೆಲೆ ಕಟ್ಟುತ್ತಾನೆ?

ಅಂತೂ ಮೂಲೆಗೆ ಹೂವು ಇಟ್ಟೆವು. ಮೂರು ಚೆನ್ನಾಗಿ ಬಂದವು. ನಾಲ್ಕನೆಯದು ನಾನು ಮಾಡಿದ್ದು.

ಕೌದಿ ಮುಗಿದದ್ದು ಮಾನವಮಿಗೆ ಸ್ವಲ್ಪ ಮುಂಚೆ. ಮನೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಒಗೆತಕ್ಕೆ ಹೊರಬೀಳುವ ಕಾಲ. ಯಾರಿಗೆಂದು ಹೊಲಿಯುತ್ತಿದ್ದೇವೆ ಎಂಬುದನ್ನು ಯಾರೂ ಅಲ್ಲಿಯವರೆಗೆ ಬಾಯಿ ಬಿಟ್ಟು ಕೇಳಿರಲಿಲ್ಲ. ಆಪಾನ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಅವಳ ಕೂಸಿಗೆ ಕತ್ತರಿಸಿ ಉಳಿದ ತುಂಡುಗಳಲ್ಲಿ ಸಣ್ಣ ಕೌದಿಯಾಯಿತು, ಖಾದಿ ಧೋತರದ ಒಂದು ಹೋಳು ಅದರ ಹೊಟ್ಟೆಗೂ ಹೋಯಿತು. ದೊಡ್ಡದು ನನಗಿರಲಿ ಎಂದು ಅಕ್ಕ, ಅಕ್ಕನಿಗಿರಲಿ ಎಂದು ನಾನು, ಜಾಗ ಕೊಟ್ಟದ್ದಕ್ಕೆ ವೈನಿಗೆ ಸಲ್ಲಬೇಕೆಂದು ಆಪಾ. ಈ ಔದಾರ್ಯದ ಜಗಳ ನಡೆಯುತ್ತಿರುವಾಗಲೇ ಅಜ್ಜಿ ಅದನ್ನು ಎಳೆದುಕೊಂಡು ಮೊಳಕಾಲ ಮೇಲೆ ಹೊದ್ದು, ಹೆಬ್ಬೆರಳಿನಿಂದ ನಡುವಿನ ಚೌಕ ಸವರಿ, ‘ಇಳಕಲ್ಲ’ ಅಂದಳು. ಮತ್ತೆ ಬಿಡಲಿಲ್ಲ. ಕಂಬಳಿಯ ಊರಿನಾಕೆ!

ಹಾಗಾಗಿ ನಾಲ್ವರಿಗೂ ಕೌದಿಯಿಲ್ಲ, ಇನ್ನೊಂದು ಶುರುವಾಗಲೇಬೇಕು. ಬ್ಯಾಡಗಿ ಅಕ್ಕ ಸಂಕೋಚದಿಂದ ಒಂದು ಗಂಟು ಹೊರತೆಗೆದಳು. ಗೋಡೆಯಾಚೆಯ ಸಣ್ಣ ಸೊಸೆ ಹಿತ್ತಲ ಬಾಗಿಲಿಗೆ ಬಂದು ಕೊಟ್ಟದ್ದಂತೆ: ಎರಡು ಚೂಡಿದಾರ, ಒಂದು ಸೀರೆ, ಕೂಸಿನ ಕುಲಾಯಿ. ‘ಅತ್ತೀ, ಮುಂದಿನ ಕೌದ್ಯಾಗ ನಂದೂ ಇರಲಿ’ ಅಂದಳಂತೆ. ಮಕ್ಕಳಿಬ್ಬರೂ ಇನ್ನೂ ಮಾತಾಡುತ್ತಿಲ್ಲ, ಗೋಡೆಗೆ ಗಿಲಾಯಿ ಆಗಿ ಬಣ್ಣವೂ ಆಗಿದೆ. ಆಪಾ ಸೀರೆಯ ಎಳೆ ಕಿತ್ತು ಕಡ್ಡಿ ಗೀರಿದಳು. ಪಾಲಿಯೆಸ್ಟರು. ಒಂದು ಗಳಿಗೆ ಯೋಚಿಸಿ, ‘ಇರಲಿ, ಮ್ಯಾಲಿನ ಅಂಚಿಗೆ ಹಾಕೂಣು, ಅಲ್ಲಿ ಜಾರಂಗಿಲ್ಲ’ ಅಂದಳು.

ದಿನ ಗೊತ್ತು ಮಾಡಲು ಕೂತೆವು. ಸೋಮವಾರ ಗುರುವಾರ ಬ್ಯಾಡಗಿ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಶುಕ್ರವಾರ ಆಪಾನಿಗೆ ಆಗದು, ಮಂಗಳವಾರ ವೈನಿಯ ಅತ್ತೆಗೆ ಡಾಕ್ಟರು. ಬುಧವಾರ ಎಂದಾಯಿತು. ಕೆಳಗಿನಿಂದ ಅಜ್ಜಿಯ ಕೂಗು ಕೇಳಿತು: ‘ಬರೂವಾಗ ದಬ್ಬಣ ತರ್ರಿ, ನಿಮ್ಮ ಆ ಸೂಜಿ ಹಲ್ಲ ಚುಚ್ಚಿಕೊಳ್ಳಾಕ ಲಾಯಕ್!’